ಸೀಮೆಗೈ, ಬರಿಗೈ, ಕರಾಟೆಕಾ

ಕರಾಟೆ ಎಂಬ ಪದ ಕಿವಿಗೆ ಬಿದ್ದೊಡನೆ ಕನ್ನಡದ ಮನಸ್ಸು ಅದರೊಳಗೆ 'ಕರ'ವನ್ನು ಹುಡುಕಿಕೊಳ್ಳುತ್ತದೆ. ಕರ ಎಂದರೆ ಕೈ, ಕೈಯಿಂದ ಹೊಡೆದಾಡುವ ವಿದ್ಯೆ ಕರಾಟೆ ಎಂದು ಅರ್ಥ ಕಟ್ಟುವುದು ಬಹಳ ಸಲೀಸು. ಈ ಪದದಲ್ಲಿ ಕೈ ಇರುವುದೇನೋ ನಿಜ, ಆದರೆ ಅದು ಹಿಂಬದಿಯಲ್ಲಿದೆ. ಜಪಾನಿ ನುಡಿಯಲ್ಲಿ 'ತೆ' ಎಂದರೆ ಕೈ. 'ಕರ' ಎಂದರೆ ಖಾಲಿ, ಬರಿದು. ಅವರ ಬಾಯಲ್ಲಿ ಅದು 'ಕರತೆ': ಎಲ್ಲ ಸ್ವರಗಳೂ ಹ್ರಸ್ವ, ತಕಾರ ನಮ್ಮ 'ತಾಯಿ'ಯ ತಕಾರ. ಇಂಗ್ಲಿಷಿನ ಹಾದಿಯಲ್ಲಿ ಬಂದದ್ದರಿಂದ ನಮ್ಮಲ್ಲಿ 'ರ' ಉದ್ದವಾಯಿತು, 'ತೆ' ಹೋಗಿ 'ಟೆ' ಆಯಿತು. ಪದಕ್ಕೆ ಪದ ಇಟ್ಟು ಹೇಳುವುದಾದರೆ ಕರಾಟೆ ಎಂದರೆ ಬರಿಗೈ.

ಈ ಬರಿಗೈಯ ಜಾಡು ನನ್ನನ್ನು ಹಿಡಿದದ್ದು ಒಂದು ಹಳೆಯ ವಿಡಿಯೋ ಗೇಮಿನಿಂದ. ಅದರ ಹೆಸರು 'ಕರಾಟೆಕಾ'. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಜಾರ್ಡನ್ ಮೆಕ್ನರ್ ಆ್ಯಪಲ್ 2 ಕಂಪ್ಯೂಟರಿಗಾಗಿ ಅದನ್ನು ಬರೆದರು. ಬ್ರೋಡರ್‌ಬಂಡ್ ಸಂಸ್ಥೆ 1984ರಲ್ಲಿ ಪ್ರಕಟಿಸಿತು. ಮುಂದೆ 1989ರಲ್ಲಿ 'ಪ್ರಿನ್ಸ್ ಆಫ್ ಪರ್ಷಿಯಾ' ಮಾಡಿ ಹೆಸರಾದವರು ಇವರೇ. 2023ರಲ್ಲಿ ಡಿಜಿಟಲ್ ಎಕ್ಲಿಪ್ಸ್ ಎಂಬ ಸಂಸ್ಥೆ ಈ ಆಟವನ್ನು ಅದರ ಕರಡುಗಳು, ಚಿತ್ರಗಳು, ಸಂದರ್ಶನಗಳ ಸಮೇತ ಮತ್ತೆ ಹೊರತಂದಿತು. ಅದನ್ನು ಇತ್ತೀಚೆಗೆ ಆಡುತ್ತಾ ಕೂತಾಗ ನನ್ನ ಕಣ್ಣು ಮತ್ತೆ ಮತ್ತೆ ಹೋಗಿದ್ದು ಹೆಸರಿನ ಕಡೆಗೆ. ಆಟದ ನಾಯಕನಿಗೆ ಬೇರೆ ಹೆಸರೇ ಇಲ್ಲ. ಅವನು ಬರೀ ಕರಾಟೆಕಾ.

ಆಟ ಶುರುವಾಗುವುದು ಕಡಿದಾದ ಬಂಡೆಯ ಅಂಚಿನಲ್ಲಿ. ಬಿಳಿ ಉಡುಪಿನ ಯುವಕನೊಬ್ಬ ಬಂಡೆ ಹತ್ತಿ ಮೇಲೆ ಬರುತ್ತಾನೆ, ದೂರದಲ್ಲಿ ಫುಜಿ ಪರ್ವತ. ಕೋಟೆಯೊಳಗೆ ಅಕುಮಾ ಎಂಬ ದುಷ್ಟ ದೊರೆ ಮರಿಕೋ ಎಂಬ ರಾಜಕುಮಾರಿಯನ್ನು ಸೆರೆಯಲ್ಲಿಟ್ಟಿದ್ದಾನೆ. ಯುವಕ ಎಡದಿಂದ ಬಲಕ್ಕೆ ನಡೆಯಬೇಕು, ದಾರಿಗೆ ಅಡ್ಡ ಬರುವ ಒಬ್ಬೊಬ್ಬ ಕಾವಲುಗಾರನನ್ನೂ ಗುದ್ದಿ ಒದ್ದು ಮಲಗಿಸಬೇಕು. ಮೇಲೆ, ನಡುವೆ, ಕೆಳಗೆ ಎಂದು ಮೂರು ಎತ್ತರದ ಗುದ್ದು, ಮೂರು ಎತ್ತರದ ಒದೆ. ಉಳಿದ ಕಸುವನ್ನು ಪರದೆಯ ಅಡಿಯಲ್ಲಿ ಸಣ್ಣ ತ್ರಿಕೋನಗಳು ತೋರಿಸುತ್ತವೆ. ಕೋಟೆಯೊಳಗೆ ಅಕುಮಾ ಸಾಕಿದ ಗಿಡುಗ ಎರಗಿ ಬರುತ್ತದೆ, ತಲೆಯ ಮೇಲೆ ಕಬ್ಬಿಣದ ಬಾಗಿಲು ಬೀಳುತ್ತದೆ. ಕತೆ ಇಷ್ಟೇ. ಸತ್ತರೆ ಮತ್ತೆ ಮೊದಲಿನಿಂದ.

ಇಂದು ನೋಡಿದರೂ ಬೆರಗಾಗುವುದು ಆ ಯುವಕನ ನಡಿಗೆಗೆ. ಮೆಕ್ನರ್ ಒಬ್ಬ ಕರಾಟೆ ಗುರುವಿನ ಚಲನೆಗಳನ್ನು ಸೂಪರ್ 8 ಫಿಲ್ಮಿನಲ್ಲಿ ಚಿತ್ರೀಕರಿಸಿ, ಚೌಕಟ್ಟು ಚೌಕಟ್ಟಾಗಿ ರೇಖೆ ಎಳೆದು, ಆ ರೇಖೆಗಳನ್ನು ಕಂಪ್ಯೂಟರಿಗೆ ಇಳಿಸಿದರು. ರೋಟೋಸ್ಕೋಪಿಂಗ್ ಎಂಬ ಈ ವಿಧಾನ ಸಿನಿಮಾದಲ್ಲಿ ಹಳೆಯದು. ಮ್ಯಾಕ್ಸ್ ಫ್ಲೈಷರ್ ಅದಕ್ಕೆ ಪೇಟೆಂಟ್ ಕೇಳಿದ್ದು 1915ರಲ್ಲಿ. ಮನೆಯ ಕಂಪ್ಯೂಟರಿನ ಆಟಕ್ಕೆ ಅದನ್ನು ತಂದವರು ಅಂದು ವಿರಳ. ಸಂಗೀತ ಕಟ್ಟಿಕೊಟ್ಟವರು ಅವರ ತಂದೆ ಫ್ರಾನ್ಸಿಸ್ ಮೆಕ್ನರ್. ಆ್ಯಪಲ್ 2ರ ಪುಟ್ಟ ಸ್ಪೀಕರ್ ನುಡಿಯಬೇಕಾದರೆ ಪ್ರತಿ ಕಂಪನಕ್ಕೂ ಪ್ರೊಸೆಸರೇ ಖುದ್ದಾಗಿ ಕೆಲಸ ಮಾಡಬೇಕಿತ್ತು. ಹಾಗಾಗಿ ರಾಗ ಕೇಳುವ ಹೊತ್ತಿಗೆ ಚಿತ್ರ ನಿಲ್ಲುತ್ತದೆ, ಚಿತ್ರ ಚಲಿಸುವಾಗ ರಾಗ ನಿಲ್ಲುತ್ತದೆ. ಯಂತ್ರದ ಈ ಬಡತನವೇ ಆಟಕ್ಕೆ ಒಂದು ಗಾಂಭೀರ್ಯ ಕೊಟ್ಟಿದೆ ಎಂದು ನನಗನಿಸುತ್ತದೆ. ಒಂದು ಗುದ್ದಿಗೂ ಇನ್ನೊಂದಕ್ಕೂ ನಡುವೆ ಉಸಿರು ತೆಗೆದುಕೊಳ್ಳಲು ಜಾಗವಿದೆ.

ಇನ್ನು ಪದಕ್ಕೆ ಬರೋಣ. ಕರಾಟೆ ಹುಟ್ಟಿದ್ದು ಜಪಾನಿನ ಮುಖ್ಯ ದ್ವೀಪಗಳಲ್ಲಿ ಅಲ್ಲ, ಓಕಿನಾವಾದಲ್ಲಿ. ಅಂದು ಅದು ರ್ಯೂಕ್ಯೂ ಎಂಬ ಪ್ರತ್ಯೇಕ ರಾಜ್ಯ. ಅದಕ್ಕೆ ತನ್ನದೇ ನುಡಿ, ತನ್ನದೇ ಅರಸು. ಅಲ್ಲಿಯ ಜನ ತಮ್ಮ ಕಾಳಗದ ವಿದ್ಯೆಯನ್ನು ಕರೆಯುತ್ತಿದ್ದುದು 'ತೀ' ಎಂದು. ಕೈ, ಅಷ್ಟೇ. ಚೀನಾದ ಜೊತೆ ರ್ಯೂಕ್ಯೂ ರಾಜ್ಯಕ್ಕೆ ಶತಮಾನಗಳ ಕಪ್ಪಕಾಣಿಕೆಯ, ವ್ಯಾಪಾರದ ನಂಟಿತ್ತು. ಚೀನಾದಿಂದ ಬಂದು ನೆಲೆಸಿದ ಮನೆತನಗಳ ಕುಮೆಮುರ ಎಂಬ ಊರೇ ನಹಾ ಬಂದರಿನ ಬಳಿ ಇತ್ತು. ಆ ನಂಟಿನಿಂದ ಕಲಿತ ಕೈಚಳಕಕ್ಕೆ 'ತೋಡೀ' ಎಂಬ ಹೆಸರು ಬಿತ್ತು. 'ತೋ' ಎಂದರೆ ಚೀನಾದ ತಾಂಗ್ ರಾಜವಂಶ, ಅದರಿಂದ ಚೀನಾ ದೇಶ. 'ಡೀ' ಎಂದರೆ ಅದೇ ಕೈ. ಸಕುಗಾವ ಎಂಬ ಹಳೆಯ ಗುರುವನ್ನು ಜನ ತೋಡೀ ಸಕುಗಾವ ಎಂದೇ ನೆನೆಯುತ್ತಾರೆ.

ತಾಂಗ್ ಎಂದು ಬರೆಯುವ ಆ ಅಕ್ಷರವನ್ನೇ ಜಪಾನಿಗರು 'ಕರ' ಎಂದೂ ಓದುತ್ತಾರೆ. ಈ 'ಕರ' ಮೊದಲಿಗೆ ಕೊರಿಯಾದ ದಕ್ಷಿಣದಲ್ಲಿದ್ದ ಗಯಾ ನಾಡಿನ ಹೆಸರಾಗಿತ್ತು, ಆಮೇಲೆ ಕೊರಿಯಾ ಎಂದಾಯಿತು, ಆಮೇಲೆ ಚೀನಾ, ಕೊನೆಗೆ ಕಡಲಾಚೆಯಿಂದ ಬಂದದ್ದೆಲ್ಲ ಎಂಬಷ್ಟು ಹರಡಿತು ಎಂಬುದು ಪದಶಾಸ್ತ್ರ ಬಲ್ಲವರ ಸಾಮಾನ್ಯ ವಿವರಣೆ. ಪರದೇಶದ ಬಳ್ಳಿಚಿತ್ತಾರಕ್ಕೆ ಅವರು 'ಕರಕುಸ' ಎನ್ನುತ್ತಾರೆ, ಎಂದರೆ 'ಕರ'ದ ಹುಲ್ಲು. ಕನ್ನಡದಲ್ಲಿ 'ಸೀಮೆ' ಮಾಡುವ ಕೆಲಸವನ್ನು ಜಪಾನಿಯಲ್ಲಿ ಈ 'ಕರ' ಮಾಡುತ್ತದೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಎಂದು ಹಡಗಿನಲ್ಲಿ ಬಂದದ್ದಕ್ಕೆಲ್ಲ ನಾವು ಮುಂದೆ ಒಂದು ಸೀಮೆ ಅಂಟಿಸಿದೆವಲ್ಲ, ಹಾಗೆ. ಈ ಲೆಕ್ಕದಲ್ಲಿ ಕರಾಟೆ ಮೊದಲು ಬರಿಗೈ ಆಗಿರಲಿಲ್ಲ. ಅದು ಸೀಮೆಗೈ.

ಸೀಮೆಗೈ ಬರಿಗೈ ಆದದ್ದು ಹೇಗೆ ಎಂಬುದು ಒಂದು ರಾಜಕೀಯದ ಕತೆಯೂ ಹೌದು. 1879ರಲ್ಲಿ ರ್ಯೂಕ್ಯೂ ರಾಜ್ಯ ಅಳಿದು ಓಕಿನಾವಾ ಜಪಾನಿನ ಒಂದು ಪ್ರಾಂತವಾಯಿತು. 1901ರ ಸುಮಾರಿಗೆ ಇತೊಸು ಅಂಕೋ ಈ ವಿದ್ಯೆಯನ್ನು ಶಾಲೆಗಳ ವ್ಯಾಯಾಮಕ್ಕೆ ತಂದರು. ಗುಟ್ಟಾಗಿ ಕಲಿಸುತ್ತಿದ್ದದ್ದು ಸಾಲಾಗಿ ನಿಂತು ಕಲಿಯುವಂಥದಾಯಿತು. 1905ರಲ್ಲಿ ಹನಾಶಿರೊ ಚೋಮೊ ತಮ್ಮ ಬರಹವೊಂದರಲ್ಲಿ ತಾಂಗ್ ಅಕ್ಷರವನ್ನು ಬಿಟ್ಟು, 'ಕರ' ಎಂದೇ ಓದಬಹುದಾದ ಇನ್ನೊಂದು ಅಕ್ಷರ ಬಳಸಿದರು: ಖಾಲಿ ಎಂಬ ಅರ್ಥದ್ದು. ಉಚ್ಚಾರ ಅದೇ, ಬರಹ ಬೇರೆ. ಕಿವಿಯಿಂದ ಕೇಳುವವನಿಗೆ ಏನೂ ತಿಳಿಯದು, ಓದುವವನಿಗೆ ದೇಶವೇ ಬದಲಾಗಿರುತ್ತದೆ. ಅಕ್ಷರಕ್ಕೆ ಒಂದೇ ದನಿ ಎಂದು ಬೆಳೆದ ನಮಗೆ ಇಂಥ ಸಾಧ್ಯತೆಯನ್ನು ಊಹಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

1922ರಲ್ಲಿ ಫುನಾಕೋಶಿ ಗಿಚಿನ್ ಟೋಕಿಯೋಗೆ ಹೋಗಿ ಈ ವಿದ್ಯೆಯನ್ನು ಪ್ರದರ್ಶಿಸಿದರು, ಅಲ್ಲೇ ಉಳಿದು ವಿಶ್ವವಿದ್ಯಾಲಯದ ಹುಡುಗರಿಗೆ ಕಲಿಸಿದರು. 1930ರ ದಶಕದ ಹೊತ್ತಿಗೆ ಜಪಾನು ಚೀನಾದ ಮೇಲೆ ಮುಗಿಬಿದ್ದಿತ್ತು. 'ಚೀನಾ ಕೈ' ಎಂಬ ಹೆಸರನ್ನು ಹೊತ್ತ ವಿದ್ಯೆ ಜಪಾನಿನ ಸ್ವಂತದ್ದೆಂದು ನಿಲ್ಲುವುದು ಕಷ್ಟವಿತ್ತು. 1936ರ ಅಕ್ಟೋಬರ್ 25ರಂದು ನಹಾದಲ್ಲಿ ರ್ಯೂಕ್ಯೂ ಶಿಂಪೊ ಪತ್ರಿಕೆ ಗುರುಗಳ ಸಭೆಯೊಂದನ್ನು ಕರೆಯಿತು. ಮಿಯಾಗಿ ಚೋಜುನ್, ಮೊತೊಬು ಚೋಕಿ, ಕ್ಯಾನ್ ಚೋತೊಕು, ಹನಾಶಿರೊ ಎಲ್ಲ ಅಲ್ಲಿದ್ದರು. ಖಾಲಿ ಎಂಬ ಅರ್ಥದ ಅಕ್ಷರವನ್ನೇ ಒಪ್ಪಬೇಕೆಂಬ ಕಡೆಗೆ ಆ ಸಭೆ ವಾಲಿತು. 2005ರಲ್ಲಿ ಓಕಿನಾವಾದ ಪ್ರಾಂತ ಸಭೆ ಅಕ್ಟೋಬರ್ 25ನ್ನು ಕರಾಟೆ ದಿನವೆಂದು ಘೋಷಿಸಿತು. ಒಂದು ಕಾಗುಣಿತ ಬದಲಾದ ದಿನಕ್ಕೆ ಹಬ್ಬದ ಮಾನ ಸಿಕ್ಕಿದ್ದು ನನಗಂತೂ ಬೇರೆಲ್ಲೂ ನೆನಪಿಗೆ ಬರುತ್ತಿಲ್ಲ.

ಇದನ್ನು ಬರೀ ರಾಜಕೀಯವೆಂದು ತಳ್ಳಿಹಾಕಿದರೆ ಫುನಾಕೋಶಿಗೆ ಅನ್ಯಾಯವಾಗುತ್ತದೆ. ಆಯುಧವಿಲ್ಲದ ಕೈ ಎಂಬ ಸರಳ ಅರ್ಥದ ಜೊತೆಗೆ ಅವರು ಈ ಅಕ್ಷರದಲ್ಲಿ ಬೌದ್ಧರ ಶೂನ್ಯವನ್ನು ಕಂಡರು. ಅದು ಅವರು ತುರುಕಿದ ಅರ್ಥವಲ್ಲ, ಅಕ್ಷರದಲ್ಲೇ ಇತ್ತು. ಸಂಸ್ಕೃತದ ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು 'ಶೂನ್ಯ'ಕ್ಕೆ ಆರಿಸಿಕೊಂಡದ್ದು ಇದೇ ಅಕ್ಷರವನ್ನು. ಜಪಾನಿನ ಭಿಕ್ಷುಗಳು ಅದನ್ನು 'ಕೂ' ಎಂದು ಓದುತ್ತಾರೆ, ಜನಸಾಮಾನ್ಯರು 'ಸೊರ' ಎಂದು ಓದಿ ಆಕಾಶ ಎನ್ನುತ್ತಾರೆ, 'ಕರ' ಎಂದು ಓದಿದರೆ ಬರಿದು. ಪೂರ್ವ ಏಷ್ಯಾದ ಮನೆಮನೆಯಲ್ಲಿ ಪಠಿಸುವ ಹೃದಯಸೂತ್ರದ ಜನಪ್ರಿಯ ಚೀನೀ ಪಾಠದಲ್ಲಿ ರೂಪಕ್ಕೂ ಶೂನ್ಯಕ್ಕೂ ಭೇದವಿಲ್ಲ ಎಂಬ ಮಾತು ಬರುವುದು ಈ ಅಕ್ಷರದಲ್ಲೇ. ಆ ಪಾಠ ಯಾರ ಹೆಸರಿನಲ್ಲಿದೆ ಗೊತ್ತೆ? ಶ್ವಾನ್‌ಜಾಂಗ್, ನಮ್ಮ ಶಾಲಾ ಪುಸ್ತಕಗಳ ಹ್ಯೂಯೆನ್ ತ್ಸಾಂಗ್. ಏಳನೆಯ ಶತಮಾನದಲ್ಲಿ ಭಾರತ ಸುತ್ತಿ, ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಶೌರ್ಯವನ್ನೂ ಅವನ ನಾಡಿನ ಜನರ ಕದನಕಲಿತನವನ್ನೂ ಬರೆದಿಟ್ಟವನು. ಅವನ ಪ್ರವಾಸ ಗ್ರಂಥದ ಹೆಸರು ಶುರುವಾಗುವುದೇ 'ಮಹಾ ತಾಂಗ್' ಎಂದು. ಕರಾಟೆಯ ಎರಡು 'ಕರ'ಗಳೂ, ತಾಂಗ್‌ನ 'ಕರ' ಮತ್ತು ಶೂನ್ಯದ 'ಕರ', ಈ ಒಬ್ಬ ಭಿಕ್ಷುವಿನ ಬರಹದಲ್ಲಿ ಕರಾಟೆ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಒಟ್ಟಿಗೆ ಕೂತಿವೆ. ಈ ಸಂಗತಿ ನನಗೆ ಹೊಳೆದಾಗ ಆದ ಸಂತೋಷವನ್ನು ಓದುಗರ ಜೊತೆ ಹಂಚಿಕೊಳ್ಳದೆ ಇರಲಾರೆ.

ಶೂನ್ಯ ಎಂಬ ಮಾತಿಗೇ ಹಲವು ದಾರಿಗಳು. ಸಂಸ್ಕೃತದಲ್ಲಿ ಅದರ ಧಾತುವಿಗೆ ಊದಿಕೊಳ್ಳುವುದು ಎಂಬ ಅರ್ಥ; ಊದಿಕೊಂಡದ್ದರ ಒಳಗೆ ಪೊಳ್ಳು. ಪಡುವಣಕ್ಕೆ ಹೋದಾಗ ಅರಬ್ಬರು ಅದನ್ನು 'ಸಿಫ್ರ್' ಎಂದು ತಮ್ಮ ಮಾತಿಗೆ ಇಳಿಸಿಕೊಂಡರು, ಅದರಿಂದ ಯುರೋಪಿನ ಜೀರೋ. ಮೂಡಣಕ್ಕೆ ಹೋದಾಗ ಚೀನೀ ಅಕ್ಷರ ತೊಟ್ಟು, ಸುತ್ತಿ ಬಳಸಿ ಕರಾಟೆಯ ಹೆಸರಿಗೆ ಬಂತು. ಕನ್ನಡದಲ್ಲಿ ಅದು ಪ್ರಾಕೃತದ 'ಸುಣ್ಣ'ದ ಮೂಲಕ 'ಸೊನ್ನೆ' ಆಯಿತು. (ಎಲೆ ಅಡಿಕೆಯ ಸುಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಚೂರ್ಣದ ತದ್ಭವ.) ಲೆಕ್ಕಕ್ಕೆ ಸೊನ್ನೆಯನ್ನು ಇಟ್ಟುಕೊಂಡು, ತತ್ವಕ್ಕೆ ನಮ್ಮ ವಚನಕಾರರು 'ಬಯಲು' ಎಂಬ ಅಪ್ಪಟ ಕನ್ನಡದ ಮಾತನ್ನು ಎತ್ತಿಕೊಂಡರು. ಚೀನೀಯರು ಆಕಾಶದ ಅಕ್ಷರದಲ್ಲಿ ಕಂಡದ್ದನ್ನು ಅಲ್ಲಮ ಕಣ್ಣೆದುರಿನ ಬಯಲಿನಲ್ಲಿ ಕಂಡ.

ಈ 'ಕರ' ಇನ್ನೊಂದು ವೇಷದಲ್ಲೂ ನಮ್ಮೂರಿಗೆ ಬಂದಿದೆ. ಕರೋಕೆ. ಜಪಾನಿಯಲ್ಲಿ ಅದು 'ಕರಓಕೆ': ಕರ ಎಂದರೆ ಖಾಲಿ, ಓಕೆ ಎಂದರೆ ಆರ್ಕೆಸ್ಟ್ರಾದ ಮೊಟಕು. ವಾದ್ಯಗಾರರಿಲ್ಲದ ವಾದ್ಯಗೋಷ್ಠಿ. ಮದುವೆ ಮನೆಯ ಕರೋಕೆ ಗಾಯಕನೂ ಕರಾಟೆ ತರಗತಿಯ ಹುಡುಗಿಯೂ ಒಂದೇ ಪದದ ನೆರಳಲ್ಲಿ ನಿಂತವರು.

ಉಳಿದದ್ದು ಕೊನೆಯ 'ಕಾ'. ಅದನ್ನು ಬರೆಯುವ ಅಕ್ಷರಕ್ಕೆ ಮನೆ ಎಂಬ ಅರ್ಥ. ಹಳೆಯ ಚೀನಾದಲ್ಲಿ ಒಂದೊಂದು ಚಿಂತನೆಯ ಪಂಥವನ್ನೂ ಅದರ ಮನೆ ಎಂದೇ ಕರೆದರು. ಅಲ್ಲಿಂದ ಒಂದು ವಿದ್ಯೆಯ ಮನೆಗೆ ಸೇರಿದವನು, ಅದರಲ್ಲಿ ನುರಿತವನು ಎಂಬ ಅರ್ಥ ಬೆಳೆಯಿತು. ಹಿಂದೂಸ್ತಾನಿ ಸಂಗೀತದ 'ಘರಾಣೆ'ಯಲ್ಲೂ ಇರುವುದು ಮನೆಯೇ. ಧಾರವಾಡದ ಸೀಮೆಯಲ್ಲಿ ಕಿರಾಣಾ ಘರಾಣೆಯ ಗಾಯಕರು ಎಂದಾಗ ಕೇಳುವವರಿಗೆ ಏನು ಅರ್ಥವಾಗುತ್ತದೋ 'ಕಾ'ದಲ್ಲಿ ಅದರ ಒಂದಂಶವಿದೆ. ಜಪಾನಿನಲ್ಲಿ ಬಿಳಿಪಟ್ಟಿಯ ಹೊಸಬ ತನ್ನನ್ನು ತಾನು ಕರಾಟೆಕಾ ಎಂದು ಕರೆದುಕೊಳ್ಳುವುದಿಲ್ಲ. ಇಂಗ್ಲಿಷ್, ಫ್ರೆಂಚುಗಳಲ್ಲಿ ಆ ತೂಕ ಇಳಿದು, ಕರಾಟೆ ಕಲಿಯುವ ಯಾರಾದರೂ ಕರಾಟೆಕಾ ಆಗಬಹುದು. ಕನ್ನಡ ಪತ್ರಿಕೆಗಳು 'ಕರಾಟೆಪಟು' ಎಂದು ಬರೆಯುತ್ತವೆ. ಪಟು ಎಂದರೆ ನಿಪುಣ, ಕುಶಲ. ಇಳಿದು ಹೋದ ತೂಕವನ್ನು ಈ ಪದ ತನಗೆ ತಿಳಿಯದಂತೆಯೇ ಮತ್ತೆ ಎತ್ತಿ ಹಿಡಿದಿದೆ, ಹಾಗಾಗಿ ನನಗೆ ಇದು ಮೆಚ್ಚಿಗೆ.

ಪಶ್ಚಿಮದಲ್ಲಿ ಈ ಪದ ಎಲ್ಲರ ಬಾಯಿಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ, ಓಕಿನಾವಾದಲ್ಲಿ ನೆಲೆಯೂರಿದ ಅಮೆರಿಕದ ಸೈನಿಕರ ಮೂಲಕ. 1984ರಲ್ಲಿ ಅದು ಉತ್ತುಂಗ ಮುಟ್ಟಿತು. ಆ ವರ್ಷ 'ದಿ ಕರಾಟೆ ಕಿಡ್' ಸಿನಿಮಾ ಬಂತು, ಅದರ ಮುದಿ ಗುರುವಿಗೆ ಮಿಯಾಗಿ ಚೋಜುನರ ಮನೆತನದ ಹೆಸರನ್ನೇ ಇಟ್ಟರು. ಅದೇ ವರ್ಷ ಡೇಟಾ ಈಸ್ಟ್ ಸಂಸ್ಥೆ 'ಕರಾಟೆ ಚಾಂಪ್' ಎಂಬ ಆರ್ಕೇಡ್ ಆಟ ತಂದಿತು, ಗುಂಡಿಗಳಿಲ್ಲದೆ ಎರಡು ಜಾಯ್‌ಸ್ಟಿಕ್‌ಗಳಿಂದಲೇ ಆಡುವಂಥದ್ದು. ಎಪಿಕ್ಸ್ ಸಂಸ್ಥೆ ಅಮೆರಿಕದಲ್ಲಿ ಮಾರಿದ ಇನ್ನೊಂದು ಕರಾಟೆ ಆಟ ತಮ್ಮದರ ನಕಲೆಂದು ಡೇಟಾ ಈಸ್ಟ್ ಕೋರ್ಟಿಗೆ ಹೋಯಿತು. 1988ರಲ್ಲಿ ಮೇಲ್ಮನವಿ ನ್ಯಾಯಾಲಯ ಎಪಿಕ್ಸ್ ಪರ ತೀರ್ಪು ಕೊಟ್ಟಿತು: ಎರಡು ಆಟಗಳ ನಡುವಿನ ಹೋಲಿಕೆ ಕರಾಟೆ ಎಂಬ ಕ್ರೀಡೆಯಿಂದಲೇ ಬಂದದ್ದು, ಒದೆಯನ್ನೂ ನಮಸ್ಕಾರವನ್ನೂ ಯಾರೂ ಸ್ವಂತ ಮಾಡಿಕೊಳ್ಳುವಂತಿಲ್ಲ. ಅತ್ತ ಕರ್ನಾಟಕದಲ್ಲಿ ಅದೇ ದಶಕದಲ್ಲಿ ಅಭಿಮಾನಿಗಳು ಶಂಕರ್‌ನಾಗ್ ಅವರನ್ನು ಕರಾಟೆ ಕಿಂಗ್ ಎಂದು ಕರೆಯುತ್ತಿದ್ದರು. ತೆರೆಯ ಮೇಲೆ ಕೈಕಾಲು ಬೀಸುವುದೆಲ್ಲ ಆಗ ನಮ್ಮ ಮಾತಿನಲ್ಲಿ ಕರಾಟೆಯೇ.

ಮೆಕ್ನರ್ ಆಟದ ಖಳನ ಹೆಸರನ್ನೂ ಬಿಡಿಸಿ ನೋಡಬೇಕು. 'ಅಕುಮಾ' ಎಂದರೆ ಜಪಾನಿಯಲ್ಲಿ ಪಿಶಾಚಿ, ಕೆಟ್ಟ ಶಕ್ತಿ. 'ಅಕು' ಎಂದರೆ ಕೆಟ್ಟದ್ದು. 'ಮಾ' ಎಂಬ ಅಕ್ಷರವನ್ನು ಚೀನೀ ಅನುವಾದಕರು ಸಂಸ್ಕೃತದ ಒಂದೇ ಒಂದು ಪದದ ಸಲುವಾಗಿ ರೂಪಿಸಿಕೊಂಡರು: ಬೋಧಿವೃಕ್ಷದ ಕೆಳಗೆ ಬುದ್ಧನನ್ನು ಕದಲಿಸಲು ಬಂದ ಮಾರ. ಅದೇ ಮಾರ ಕನ್ನಡ ಕಾವ್ಯದಲ್ಲಿ ಮನ್ಮಥನಾಗಿ ಹೂಬಾಣ ಹಿಡಿದು ನಿಂತಿದ್ದಾನೆ. ಹೀಗೆ ನಾಯಕನ ಹೆಸರಿನೊಳಗೆ ಶೂನ್ಯ, ಖಳನ ಹೆಸರಿನೊಳಗೆ ಮಾರ. ಇಪ್ಪತ್ತರ ಹರೆಯದ ಮೆಕ್ನರ್ ಇದನ್ನೆಲ್ಲ ಲೆಕ್ಕ ಹಾಕಿ ಇಟ್ಟರೆಂದು ನಾನು ಹೇಳುತ್ತಿಲ್ಲ. ಪದಗಳು ತಮ್ಮ ಗಂಟುಮೂಟೆಯನ್ನು ತಾವೇ ಹೊತ್ತು ತರುತ್ತವೆ.

ಆದರೆ ಆಟದ ಒಂದು ನಿಯಮವನ್ನು ಅವರು ಬೇಕೆಂದೇ ಇಟ್ಟದ್ದು, ನಾನು ಈ ಆಟವನ್ನು ಇಷ್ಟು ಮೆಚ್ಚುವುದು ಅದಕ್ಕಾಗಿ. ಕರಾಟೆಕಾನಿಗೆ ಎರಡು ನಿಲುವುಗಳಿವೆ. ಒಂದು ಕಾಳಗದ ನಿಲುವು: ಮೊಣಕಾಲು ಬಾಗಿಸಿ, ಮುಷ್ಟಿ ಎತ್ತಿ, ಇಂಚಿಂಚಾಗಿ ಸರಿಯುವುದು. ಇನ್ನೊಂದು ನೆಟ್ಟಗೆ ನಿಲ್ಲುವುದು: ಕೈ ಕೆಳಗಿಳಿಸಿ, ಓಡಬಲ್ಲವನಾಗಿ. ನೆಟ್ಟಗೆ ನಿಂತಾಗ ಎದುರಾಳಿಗೆ ತಲೆಬಾಗಿ ವಂದಿಸಲೂಬಹುದು, ಅದಕ್ಕೊಂದು ಕೀಲಿ ಇದೆ. ಅದರಿಂದ ಅಂಕ ಬರುವುದಿಲ್ಲ, ಕಸುವು ಹೆಚ್ಚುವುದಿಲ್ಲ. ಆದರೂ ಕೀಲಿಮಣೆಯಲ್ಲಿ ಒಂದು ಜಾಗವನ್ನು ಆ ವಂದನೆಗೆ ಮೀಸಲಿಟ್ಟಿದ್ದಾರೆ. ಕರಾಟೆ ವಂದನೆಯಿಂದ ಶುರುವಾಗಿ ವಂದನೆಯಲ್ಲೇ ಮುಗಿಯಬೇಕೆಂಬುದು ಫುನಾಕೋಶಿಯವರ ಬೋಧನೆಗಳಲ್ಲಿ ಮೊದಲನೆಯದು. ನೆಟ್ಟಗೆ ನಿಲ್ಲುವುದರಲ್ಲಿ ಅಪಾಯವೂ ಇದೆ. ಆ ನಿಲುವಿನಲ್ಲಿ ಶತ್ರುವಿನ ಒಂದೇ ಏಟು ಬಿದ್ದರೂ ಆಟ ಮುಗಿಯಿತು, ಎಷ್ಟು ತ್ರಿಕೋನಗಳಿದ್ದರೂ ಕಾಯುವುದಿಲ್ಲ. ಹಾಗಾಗಿ ಆಡುವವನ ಬೆರಳು ಒಂದು ಅಭ್ಯಾಸಕ್ಕೆ ಬೀಳುತ್ತದೆ: ಯಾರಾದರೂ ಎದುರು ಕಂಡರೆ ಮುಷ್ಟಿ ಎತ್ತು.

ಅಕುಮಾನನ್ನು ಮಲಗಿಸಿ ಕೊನೆಯ ಬಾಗಿಲು ದಾಟಿದರೆ ಮರಿಕೋ ನಿಂತಿರುತ್ತಾಳೆ. ಅಭ್ಯಾಸಬಲದಿಂದ ಮುಷ್ಟಿ ಎತ್ತಿಕೊಂಡೇ ಅವಳ ಕಡೆ ಸರಿದರೆ ಅವಳು ಒಂದೇ ಒದೆಗೆ ನಮ್ಮನ್ನು ಕೊಲ್ಲುತ್ತಾಳೆ. ಕೈ ಇಳಿಸಿ, ನೆಟ್ಟಗೆ ನಿಂತು, ಅವಳತ್ತ ಓಡಿಹೋದರೆ ಅಪ್ಪಿಕೊಳ್ಳುತ್ತಾಳೆ. ಆಟದುದ್ದಕ್ಕೂ ಸಾವು ತರುತ್ತಿದ್ದ ನಿಲುವೇ ಇಲ್ಲಿ ಗೆಲ್ಲುವ ದಾರಿ. ಅನೇಕರು ಇದನ್ನು ತಮಾಷೆಯ ಕೊಕ್ಕೆಯೆಂದು ನೆನೆಯುತ್ತಾರೆ. ನನಗೆ ಅದು ಪದಕ್ಕೆ ಬರೆದ ಅತ್ಯುತ್ತಮ ಭಾಷ್ಯವೆನಿಸುತ್ತದೆ. ಬರಿಗೈ ಎಂದರೆ ಆಯುಧವಿಲ್ಲದಿರುವುದು ಎಂಬುದು ಕಾವಲುಗಾರರ ಎದುರಿನ ಅರ್ಥ. ಮುಷ್ಟಿಯೂ ಇಲ್ಲದಿರುವುದು ಎಂಬುದು ಮರಿಕೋ ಎದುರಿನ ಅರ್ಥ. ಆಮೇಲೆ ಬಂದ ಹೋರಾಟದ ಆಟಗಳಲ್ಲಿ ಈ ಎರಡನೆಯ ಅರ್ಥ ಹೆಚ್ಚು ಕಾಣುವುದಿಲ್ಲ. 1994ರ 'ಟೆಕ್ಕೆನ್' ಹೆಸರಿನಲ್ಲೇ ಕೈ ಹೋಗಿ ಮುಷ್ಟಿ ಬಂದಿದೆ, ಅದರರ್ಥ ಕಬ್ಬಿಣದ ಮುಷ್ಟಿ.

ಓಕಿನಾವಾದಲ್ಲಿ ಪದದ ಹಳೆಯ ಪದರ ಪೂರ್ತಿ ಅಳಿದಿಲ್ಲ. ಟೋಕಿಯೋ ಒಲಿಂಪಿಕ್ಸಿನಲ್ಲಿ, 2021ರಲ್ಲಿ, ಎದುರಾಳಿಯಿಲ್ಲದೆ ಒಬ್ಬರೇ ಪ್ರದರ್ಶಿಸುವ ಕತಾ ವಿಭಾಗದ ಪುರುಷರ ಚಿನ್ನ ಗೆದ್ದವರು ಓಕಿನಾವಾದ ಕಿಯುನ ರ್ಯೋ. ಆ ದ್ವೀಪಗಳಿಗೆ ಅದು ಒಲಿಂಪಿಕ್ಸಿನ ಮೊದಲ ಚಿನ್ನ. ಪ್ಯಾರಿಸ್‌ನ 2024ರ ಕೂಟದಲ್ಲಿ ಕರಾಟೆಗೆ ಜಾಗ ಸಿಗಲಿಲ್ಲ. ಓಕಿನಾವಾದ ಕೆಲವರು ಇಂದಿಗೂ ತಮ್ಮ ವಿದ್ಯೆಯನ್ನು 'ತೀ' ಎಂದೇ ಕರೆಯುತ್ತಾರೆ. ಮೊತೊಬು ಅರಸು ಮನೆತನದಿಂದ ಬಂದ ಒಂದು ಪದ್ಧತಿಯ ಹೆಸರು ಉದುಂಡೀ: 'ಉದುನ್' ಎಂದರೆ ಅರಮನೆ, ಕೊನೆಯ 'ಡೀ' ಆ ಹಳೆಯ ಕೈ.